ಮೊದಲ ಸಲ ನೋಡುವ ಕಣ್ಣು

"ನಿಮ್ಮ ಕೊಲೆಗಾರ ಸಿಕ್ಕಿಬಿದ್ದ ಸರ್. ಇನ್ನು ಮುಂದೆ ಜನ ಯಾಕೆ ಕೂತು ನೋಡ್ಬೇಕು?"

ಎಲ್ದೊ ಕುರ್ಚಿಯಿಂದ ಎದ್ದೇಬಿಟ್ಟ. ಕೊಚ್ಚಿಯ ಕಾಕ್ಕನಾಡಿನ ಆ ಪುಟ್ಟ ಎಡಿಟಿಂಗ್ ಕೋಣೆಗೆ ಅವನು ಬಂದ ಮೇಲೆ ಇನ್ನೂ ಚಹಾ ಸಹ ಬಂದಿರಲಿಲ್ಲ. ತನ್ನ ಮೊದಲ ಥ್ರಿಲ್ಲರ್ ಸಿನಿಮಾದ ಆರಂಭವನ್ನು ಎಷ್ಟು ಹೆಮ್ಮೆಯಿಂದ ತೋರಿಸಿದ್ದ! ಈ ಸಂಕಲನಕಾರ್ತಿ, ಮೆರಿನ್ ಪೌಲೋಸ್, ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದಳು.

"ಏನು ತಪ್ಪಿದೆ ಇದರಲ್ಲಿ?"

"ಕತ್ತಿ ತೋರಿಸಿದ್ರಿ, ರಕ್ತ ತೋರಿಸಿದ್ರಿ, ಅವನ ಶೂ ತೋರಿಸಿದ್ರಿ. ಆಧಾರ್ ಕಾರ್ಡ್ ಒಂದು ಬಾಕಿ ಇದೆ, ಅದನ್ನೂ ತೋರಿಸಿಬಿಡಿ."

ಅವನ ಮುಖ ಕೆಂಪಾಯಿತು. ಮೆರಿನ್ ತಲೆ ಕೆಡಿಸಿಕೊಳ್ಳಲಿಲ್ಲ. ಸಂಗೀತ ತೆಗೆದಳು. ಕತ್ತಿ, ರಕ್ತ, ಕಿರುಚಾಟ ಎಲ್ಲವನ್ನೂ ಕಿತ್ತು ಹಾಕಿದಳು. ಉಳಿದದ್ದು ಇಷ್ಟೇ: ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದಾಳೆ. ಹೊರಗೆ ನಾಯಿ ಬೊಗಳುತ್ತಿದೆ. ಇದ್ದಕ್ಕಿದ್ದಂತೆ ಬೊಗಳುವುದು ನಿಲ್ಲುತ್ತದೆ. ಹೆಂಗಸಿನ ಕೈಯೂ ನಿಲ್ಲುತ್ತದೆ.

ಎಲ್ದೊನ ಮೈ ಜುಮ್ಮೆಂದಿತು.

"ಏನೂ ಆಗಲೇ ಇಲ್ಲವಲ್ಲ..." ಎಂದ ಮೆಲ್ಲಗೆ.

"ಅದಕ್ಕೇ ಭಯ. ಗೊತ್ತಾಗಿಬಿಟ್ರೆ ಭಯ ಎಲ್ಲಿರುತ್ತೆ? ಮುಚ್ಚಿಡೋದನ್ನ ಕಲೀರಿ ಸರ್."

ಸಿಟ್ಟಿನಲ್ಲಿದ್ದವನು ನಕ್ಕುಬಿಟ್ಟ. ಆ ನಗೆಗೆ ಮೆರಿನ್ ತಲೆ ತಗ್ಗಿಸಿ ಕೀಬೋರ್ಡ್ ನೋಡಿದಳು.

ಆಮೇಲೆ ತಿಂಗಳುಗಟ್ಟಲೆ ಒಂದೇ ಕೋಣೆ, ಒಂದೇ ಪರದೆ. ಸಂಜೆಗೆ ಹಾಲಿಲ್ಲದ ಕಟ್ಟನ್ ಚಾಯ, ಬಾಳೆಹಣ್ಣಿನ ಬಜ್ಜಿ ಪಳಂಪೊರಿ. 'ಸರ್' ಹೋಗಿ 'ಎಲ್ದೊ' ಆಯಿತು. 'ನೀವು' ಹೋಗಿ 'ನೀನು' ಆಯಿತು. ಅದರ ಮುಂದಿನ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ.

*ಅವನೇ ಹೇಳಲಿ* ಎಂದು ಅವಳು ಕಾದಳು.

ಒಂದು ದಿನ ಅವಳು ಬೇಜಾರಿನಿಂದ ಅಂದಳು, "ಈ ಆರಂಭ ಚೆನ್ನಾಗಿದೆಯೋ ಇಲ್ಲವೋ ನಂಗೇ ತಿಳೀತಿಲ್ಲ ಎಲ್ದೊ. ನೂರು ಸಲ ನೋಡಿದೀನಿ. ಮೊದಲ ಸಲ ನೋಡೋ ಕಣ್ಣು ಒಂದೇ ಸಲ ಇರೋದು. ನಂದು ಹೋಯ್ತು."

ಎಲ್ದೊ ಮರುವಾರವೇ ಆರಂಭವನ್ನು ಹೊಸದಾಗಿ ಬರೆದ, ಅವಳಿಗೆ ಹೇಳದೆ ಚಿತ್ರೀಕರಿಸಿದ. ಆಮೇಲೆ ಬಂದು ಒಂದೇ ಮಾತು ಹೇಳಿದ.

"ಹೊಸ ಆರಂಭಾನ ಪಕ್ಕದ ಕೋಣೇಲಿ ನಿನ್ನ ಅಸಿಸ್ಟೆಂಟ್ ಜಸೀಲ್ ಎಡಿಟ್ ಮಾಡ್ತಾನೆ. ನೀನು ಆ ಕೋಣೆಗೆ ಬರಬೇಡ."

"ಯಾಕೆ?"

"ಯಾಕೆ ಅಂತ ಕೇಳಬೇಡ ಮೆರಿನ್. ಪ್ಲೀಸ್."

ಪಕ್ಕದ ಕೋಣೆಯ ಬಾಗಿಲು ಮುಚ್ಚಿತು. ಅವಳು ಹತ್ತಿರ ಹೋದರೆ ಜಸೀಲ್ ಪರದೆ ಆರಿಸುತ್ತಿದ್ದ. *ನನ್ನ ಕೆಲಸ ಇನ್ನೊಬ್ಬನಿಗೆ ಕೊಟ್ಟ... ನನ್ನನ್ನು ಹೊರಗೆ ಹಾಕಿದ...* ನೀವೇ ಹೇಳಿ, ಇಷ್ಟಾದ ಮೇಲೂ ಯಾರಿಗೆ ಸಿಟ್ಟು ಬರುವುದಿಲ್ಲ?

ಅದೇ ವಾರ ಅಮ್ಮನ ಫೋನ್. "ಐರ್ಲೆಂಡಲ್ಲಿ ಕೆಲಸದಲ್ಲಿರೋ ಹುಡುಗ ಮಗಳೇ, ಶಿನೋಜ್ ಅಂತ. ಒಳ್ಳೆ ಮನೆತನ. ಈ ಸಲನಾದ್ರೂ ಹೂಂ ಅನ್ನು."

ಮೆರಿನ್ ಅತ್ತು ಕೆಂಪಾದ ಕಣ್ಣಿನಲ್ಲೇ "ಹೂಂ" ಅಂದುಬಿಟ್ಟಳು.

ಎಲ್ಲ ಚಕಚಕನೆ ನಡೆಯಿತು. ಬರುವ ಸೋಮವಾರ ಚರ್ಚಿನಲ್ಲಿ ಮನಸ್ಸಮ್ಮತ, ಅಂದರೆ ಮದುವೆಯ ನಿಶ್ಚಿತಾರ್ಥ. ಪಾದ್ರಿ ಎಲ್ಲರೆದುರು ಕೇಳುತ್ತಾರೆ, ಹುಡುಗಿ ಒಪ್ಪಿಗೆ ಹೇಳಬೇಕು. ಹೇಳಿದ ಮೇಲೆ ಮುಗಿಯಿತು. ಕೊಟ್ಟ ಮಾತು ಮುರಿದರೆ ಅಪ್ಪ ಊರಲ್ಲಿ ತಲೆ ಎತ್ತುವ ಹಾಗಿಲ್ಲ.

ಶನಿವಾರ ಮಧ್ಯಾಹ್ನ ಅವಳು ತನ್ನ ಸಾಮಾನು ತೆಗೆದುಕೊಂಡು ಹೋಗಲು ಸ್ಟುಡಿಯೊಗೆ ಬಂದಳು. ಎಲ್ದೊ ಮೆಟ್ಟಿಲ ಬಳಿಯೇ ಕಾಯುತ್ತಿದ್ದ.

"ಎಲ್ಲಿ ಹೋಗಿದ್ದೆ? ಫೋನ್ ಎತ್ತಲ್ಲ... ಬಾ, ಹೊಸ ಆರಂಭ ನೋಡು."

"ನಂಗ್ಯಾಕೆ? ಜಸೀಲ್ ಇದ್ದಾನಲ್ಲ."

"ಒಂದೇ ಸಲ. ಆಮೇಲೆ ಬೇಕಾದ್ರೆ ಬೈಯಿ."

*ಕೊನೆಯ ಸಲ* ಎಂದುಕೊಂಡು ಸ್ಟುಡಿಯೊದ ಪುಟ್ಟ ಚಿತ್ರಮಂದಿರದಲ್ಲಿ ಅವನ ಪಕ್ಕ ಕೂತಳು. ದೀಪ ಆರಿತು.

ಪರದೆಯ ಮೇಲೆ ಊಟದ ಮೇಜು. ಒಬ್ಬಳು ಎರಡು ತಟ್ಟೆ ಇಡುತ್ತಾಳೆ. ಅನ್ನ ಬಡಿಸುತ್ತಾಳೆ. ಯಾರ ಜೊತೆಗೋ ಮೀನಿನ ರೇಟು, ಪಕ್ಕದ ಮನೆಯ ಜಗಳ, ಎಲ್ಲ ಮಾತಾಡುತ್ತಾಳೆ. ಎದುರಿನ ಕುರ್ಚಿ ಕಾಣುವುದಿಲ್ಲ. ಉತ್ತರವೂ ಬರುವುದಿಲ್ಲ. ಅವಳು ನಗುತ್ತಾಳೆ. ಮತ್ತೆ ಬಡಿಸುತ್ತಾಳೆ. ಆ ತಟ್ಟೆ ಆಗಲೇ ತುಂಬಿ ಅನ್ನ ಮೇಜಿನ ಮೇಲೆ ಚೆಲ್ಲುತ್ತಿದೆ...

ಮೆರಿನ್‌ಗೆ ತಾನು ಸಂಕಲನಕಾರ್ತಿ ಎನ್ನುವುದೇ ಮರೆತುಹೋಯಿತು. *ಆ ಕುರ್ಚಿ ತೋರಿಸು... ಬೇಡ, ತೋರಿಸಬೇಡ...* ಆಗ ಆ ಕಾಣದ ಕಡೆಯಿಂದ ಒಂದು ಕೈ ಬಂದು ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿತು. ಮೆರಿನ್ ಕತ್ತಲಲ್ಲಿ ಎಲ್ದೊನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ತಿರುಗಿ ನೋಡಿದರೆ ಅವನ ಕಣ್ಣು ಪರದೆಯ ಮೇಲೆ ಇರಲೇ ಇಲ್ಲ.

"ನೀನು... ಸಿನಿಮಾ ನೋಡ್ತಿಲ್ವಾ?"

"ನಿನ್ನ ಮುಖ ನೋಡ್ತಿದ್ದೆ. ಎಲ್ಲಿ ಉಸಿರು ಹಿಡೀತೀಯ, ಎಲ್ಲಿ ಬಿಡ್ತೀಯ ಅಂತ. ಮೊದಲ ಸಲ ನೋಡೋ ಕಣ್ಣು ಹೋಯ್ತು ಅಂದೆಯಲ್ಲ... ಅದನ್ನ ವಾಪಸ್ ಕೊಡ್ಬೇಕು ಅಂತಿತ್ತು. ಮೊದಲೇ ಹೇಳಿದ್ರೆ ನೀನು ಪರೀಕ್ಷಕಿ ಥರ ಬಂದು ಕೂರ್ತಿದ್ದೆ. ಜಸೀಲ್ ಮಾಡಿದ್ದು ಬರೀ ಜೋಡಣೆ ಮೆರಿನ್. ಕೊನೇ ಕಟ್ ನಿಂದೇ."

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಸೋಮವಾರ ನನ್ನ ಮನಸ್ಸಮ್ಮತ, ಎಲ್ದೊ."

ದೀಪ ಹೊತ್ತಿಕೊಂಡಿತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರ ಜೊತೆ?"

"ಯಾರಾದ್ರೆ ಏನು? ನೀನು ಬಾಗಿಲು ಹಾಕಿದೆ, ನಾನು ಹೂಂ ಅಂದೆ. ಸಿನಿಮಾದಲ್ಲಿ ಮುಚ್ಚಿಡು ಅಂದೆ ಕಣೋ. ನನ್ನ ಹತ್ರ ಮುಚ್ಚಿಡು ಅಂದಿದ್ನಾ?"

ಅವನು ಖಾಲಿ ಪರದೆಯ ಕಡೆ ಮುಖ ತಿರುಗಿಸಿದ. *ಈಗಲೂ ಹೇಳದಿದ್ದರೆ ಎದ್ದು ಹೋಗುತ್ತೇನೆ* ಎಂದು ಅವಳು ಬ್ಯಾಗು ತೆಗೆದುಕೊಂಡಳು. ನಿಜವಾಗಿ ಎದ್ದೂ ನಿಂತಳು.

"ನಂಗೆ ನೀನು ಬೇಕು," ಅಂದ ಅವನು. "ಹೇಳಿದ್ರೆ ನೀನು ಇಲ್ಲ ಅಂದ್ಬಿಡ್ತೀಯ ಅಂತ ಹೆದರಿದ್ದೆ. ಅದಕ್ಕೇ ಇಷ್ಟು ದಿನ... ಮದುವೆ ಆಗು ನನ್ನ. ನಿನ್ನ ಅಪ್ಪನ ಕಾಲಿಗೆ ಬೇಕಾದ್ರೂ ಬೀಳ್ತೀನಿ."

ಮೆರಿನ್ ಬ್ಯಾಗು ಕೆಳಗಿಟ್ಟು ಅಪ್ಪನಿಗೆ ಫೋನ್ ಮಾಡಿದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆ ಕಡೆ ಅಪ್ಪ ಪೌಲೋಸ್ ಚಪ್ಪರದವರಿಗೆ ಏನೋ ಹೇಳುತ್ತಿದ್ದವರು ಮಾತು ನಿಲ್ಲಿಸಿದರು.

"ಅಪ್ಪಾ... ಬೈಯಿರಿ, ಸುಮ್ನಿರಬೇಡಿ."

"ಬೈಯೋದು ಮನೆಗೆ ಬಂದ ಮೇಲೆ ಇದ್ದೇ ಇದೆ. ಚರ್ಚಲ್ಲಿ ನಿಂತು ಸುಳ್ಳು ಹೇಳೋದಕ್ಕಿಂತ ಇದೇ ವಾಸಿ. ಪಾದ್ರಿಗಳಿಗೆ ನಾನು ಹೇಳ್ತೀನಿ. ಆ ಹುಡುಗ ಪಾಪ, ರಜೆ ಹಾಕಿ ಬಂದಿದ್ದಾನೆ. ಅವನಿಗೆ ನೀನೇ ಹೇಳು. ಅದು ನನ್ನ ಕೈಲಿ ಆಗಲ್ಲ."

ಅವಳು ಶಿನೋಜ್‌ಗೂ ಫೋನ್ ಮಾಡಿದಳು. ಕ್ಷಮೆ ಕೇಳಿದಳು. ಅವನು "ಸೋಮವಾರಕ್ಕೆ ಮುಂಚೆ ಹೇಳಿದ್ರಲ್ಲ, ಅಷ್ಟು ಸಾಕು" ಎಂದು ಫೋನ್ ಇಟ್ಟುಬಿಟ್ಟ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಎಲ್ದೊ ಪಕ್ಕದಲ್ಲಿ ಬಂದು ಕೂತ.

"ಮನೆಗೆ ನಾನೂ ಬರ್ತೀನಿ."

"ಅಮ್ಮ ಚಪ್ಪಲಿ ತಗೋತಾರೆ."

"ತಗೊಳ್ಳಲಿ."

"ಅಪ್ಪನೂ ಏನು ಮಾಡ್ತಾರೋ ಗೊತ್ತಿಲ್ಲ. ಆಮೇಲೆ ಏನಾಗುತ್ತೋ ಅದೂ ಗೊತ್ತಿಲ್ಲ. ನಂಗೆ ತುಂಬಾ ಭಯ ಆಗ್ತಿದೆ ಎಲ್ದೊ."

"ನಂಗೂ," ಎಂದು ಅವನು ಅವಳ ಕೈ ಹಿಡಿದುಕೊಂಡ. "ಹೋಗೋಣ್ವಾ?"

ಅವಳು ಕಣ್ಣೊರೆಸಿಕೊಂಡಳು.

"ಹೂಂ."