ಹೊಂಗೆಗಡ್ಡೆಯ ಶಾಸನ

ಹೊಂಗೆಮರದ ಬುಡದಲ್ಲಿ ಕಲ್ಲಿರಲಿಲ್ಲ. ಮೊಣಕಾಲುದ್ದದ ಗುಂಡಿಯಷ್ಟೇ ಇತ್ತು.

ಸತ್ತೇಗಾಲದಾಚೆ, ಕಾವೇರಿಯ ನಡುವಿನ ಹೊಂಗೆಗಡ್ಡೆಯಲ್ಲಿ ಹದಿನೇಳು ಮನೆ. ತಲೆಮಾರುಗಳಿಂದ ಇಲ್ಲಿದ್ದೇವೆ ಎನ್ನಲು ಅವರಿಗಿದ್ದ ಸಾಕ್ಷಿ ಆ ಶಾಸನದ ಕಲ್ಲೊಂದೇ. ಗಡ್ಡೆಯನ್ನು ರೆಸಾರ್ಟಿಗೆ ಕೊಡಬಹುದೇ ಎಂದು ನೋಡಲು ಅವತ್ತೇ ಮಧ್ಯಾಹ್ನ ಸರ್ವೆಯವರು ಬರುವವರಿದ್ದರು.

"ನೆನ್ನೆ ಎಲ್ರೂ ಧನಗೆರೆಗೆ ಮದ್ವೆಗೆ ಓಗಿದ್ವಿ ಕಣವ್ವ," ಎಂದರು ಎಪ್ಪತ್ತು ದಾಟಿದ ಶಂಕರಮ್ಮ. "ಕಲ್ಲು ಓಗಿದ್ರೆ ಓಗ್ಲಿ. ನಾವು ಇಲ್ಲಿಂದ ಕದಲಾಕಿಲ್ಲ."

ಎಸ್‌ಐ ಪದ್ಮಿನಿ ಬಗ್ಗಿ ನೋಡಿದಳು. ಕಲ್ಲು ಎಳೆದ ಗುರುತು ನೇರ ನದಿಗಿಳಿದಿತ್ತು. ಎಲ್ಲರ ಕಣ್ಣು ಅಂಬಿಗ ಮಂಟೇಸ್ವಾಮಿಯ ಮೇಲೆ. ಮದುವೆಗೆ ಹೋಗದವನು ಅವನೊಬ್ಬನೇ.

"ಆಚೆ ದಡದಲ್ಲಿ ಮಲಗಿದ್ದೆ ಮೇಡಂ. ನಾಕಾಳು ಎತ್ತೋ ಕಲ್ಲು. ನನ್ ತೆಪ್ಪಕ್ಕೆ ಆಕಿದ್ರೆ ತಳ ಕಿತ್ಕಂಡೋಗದು."

ಫೋನು ಬಂತು. ಅಂಬಿಗನನ್ನು ಒಳಗೆ ಹಾಕಿ ಕೇಸು ಮುಗಿಸು ಎಂದು ಮೇಲಿನವರ ಮಾತು.

"ಸಾಕ್ಷಿ ಇಲ್ಲ ಸರ್. ಆಗಲ್ಲ," ಎಂದು ಪದ್ಮಿನಿ ಫೋನಿಟ್ಟಳು.

*

ಶಾಂತಮೂರ್ತಿ ಮೇಷ್ಟ್ರು ರೆಸಾರ್ಟಿನವರ ಮೋಟಾರು ಬೋಟಿನಲ್ಲಿ ಬಂದಿಳಿದರು. ನಿವೃತ್ತ ಶಿಕ್ಷಕರು. ಇಪ್ಪತ್ತು ವರ್ಷದಿಂದ ಈ ಸೀಮೆಯ ಚರಿತ್ರೆ ಬರೆಯುತ್ತಿದ್ದವರು.

"ಆ ಕಲ್ಲಿದ್ದರೂ ಇವರಿಗೆ ಉಪಯೋಗವಿಲ್ಲ ಮೇಡಂ. ಏಳು ಸಾಲಿದೆ. ಒಂದರಲ್ಲೂ ಊರಿನ ಮಾತಿಲ್ಲ."

"ಯಾವ ಪುಸ್ತಕದಲ್ಲಿದೆ?"

"ಎಲ್ಲೂ ಅಚ್ಚಾಗಿಲ್ಲ. ಓದಿರುವವನು ನಾನೊಬ್ಬನೇ. ಹೋದ ವರ್ಷ, ನಿಂತ ಕಲ್ಲನ್ನೇ ಓದಿದೆ. ಮುಟ್ಟಲೂ ಇಲ್ಲ."

ಶಂಕರಮ್ಮನ ಮೊಮ್ಮಗಳು ಭವ್ಯ ಕಲ್ಲಿನ ಪೂಜೆಯ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದಳು. ಪದ್ಮಿನಿ ಒಂದನ್ನು ಹಿಗ್ಗಿಸಿ ಸಾಲು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಹೋಗಿ ಬೋಟಿನೊಳಗೆ ಇಣುಕಿದಳು.

*

ಸರ್ವೆಯವರು ಬಂದಾಗ ಇಡೀ ಊರು ಗುಂಡಿಯ ಸುತ್ತ ನಿಂತಿತ್ತು.

"ಮಣ್ಣಿನ ಮೇಲೆ ಕಾಣುತ್ತಿದ್ದದ್ದು ಐದೇ ಸಾಲು ಮೇಷ್ಟ್ರೇ," ಎಂದಳು ಪದ್ಮಿನಿ. "ನೀವು ಹೇಳಿದ ಏಳರಲ್ಲಿ ಇನ್ನೆರಡು ಹೂತಿದ್ದವು. ಕಲ್ಲು ಕಿತ್ತವರಿಗಷ್ಟೇ ಅದು ಗೊತ್ತು. ಬೋಟಿನ ತಳದಲ್ಲಿ ಇದೇ ಗುಂಡಿಯ ಕೆಮ್ಮಣ್ಣಿದೆ, ಕಲ್ಲು ಉಜ್ಜಿದ ಗೀರೂ ಇದೆ."

ಬೋಟು ನಡೆಸುವ ಉದಯಕುಮಾರ್ ತಡೆಯದೆ ಹೇಳಿಬಿಟ್ಟ. "ನಾಕು ಜನ ಕೂಲಿಯವ್ರು ಎತ್ತಿದ್ರು ಮೇಡಂ. ಮೇಷ್ಟ್ರೇ ನಿಂತು ಆ ಮಡುವಿಗೆ ತಳ್ಳಿಸಿದ್ರು."

"ಯಾಕೆ ಮೇಷ್ಟ್ರೇ?"

"ನನ್ನ ಪುಸ್ತಕ ಅಚ್ಚು ಹಾಕಿಸುತ್ತೇವೆ ಎಂದು ರೆಸಾರ್ಟಿನವರು ಹೇಳಿದ್ದರು," ಎಂದರು ಅವರು ನೆಲ ನೋಡುತ್ತ. "ಬೇರೆ ಯಾರೂ ಮುಂದೆ ಬರಲಿಲ್ಲ."

ಮಂಟೇಸ್ವಾಮಿ ಹಗ್ಗ ಹಿಡಿದು ಮಡುವಿಗೆ ಧುಮುಕಿದ. ಹೆಂಗಸರು ಗಂಡಸರೆನ್ನದೆ ಊರೆಲ್ಲ ಹಗ್ಗ ಜಗ್ಗಿತು. ಕಲ್ಲು ಮೇಲೆ ಬಂತು.

"ಹಳೆಯ ಅಕ್ಷರ. ಯಾರು ಓದ್ತಾರೆ?" ಎಂದ ಸರ್ವೆಯವನು.

ಶಂಕರಮ್ಮ ಮೇಷ್ಟ್ರ ಎದುರು ಬಂದು ನಿಂತರು. "ನೀವೇ ಓದಿ. ತಪ್ಪೋದಿದ್ರೆ ಮೈಸೂರಿಂದ ಓದೋರ್ನ ಕರ್ಕಬತ್ತೀವಿ."

ಶಾಂತಮೂರ್ತಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೊನೆಯ ಎರಡು ಸಾಲಿನ ಮೇಲೆ ಬೆರಳಾಡಿಸುತ್ತ ಸಣ್ಣ ದನಿಯಲ್ಲಿ ಅರ್ಥ ಹೇಳಿದರು. "ಹೊಳೆ ಹರಿಯುವ ತನಕ ಈ ಗಡ್ಡೆ, ಇಲ್ಲಿ ಉಳುವವರ, ತೆಪ್ಪ ನಡೆಸುವವರ ಮಕ್ಕಳ ಮಕ್ಕಳಿಗೆ."

"ಇನ್ನೊಂದ್ಸಲ," ಎಂದರು ಶಂಕರಮ್ಮ. "ಜೋರಾಗಿ."