ಬಿಲ್ಲೆ ಬದಲಾದ ಶನಿವಾರ

ಆಮ್ರಪಾಲಿ ಅಳತೆಗೆ ತಪ್ಪು ಬಿಲ್ಲೆ ಇಟ್ಟಿದ್ದಳು. ಅದು ಗೊತ್ತಾದದ್ದು ಅಳತೆ ಮುಗಿದ ಮೇಲೆ, ಡಬ್ಬಿಯ ಮುಚ್ಚಳದ ಮೇಲಿನ ಚೀಟಿ ನೋಡಿದಾಗ. ಅಷ್ಟೇ ಆಗಿದ್ದರೆ ನಕ್ಕು ಮತ್ತೊಮ್ಮೆ ಮಾಡುತ್ತಿದ್ದಳು. ಆದರೆ ಕಂಪ್ಯೂಟರಿನಲ್ಲಿ ಎದ್ದು ನಿಂತ ಗೆರೆ ಮಾಳುವಿಗೆ ಸಿಕ್ಕಿದ್ದ ಗೆರೆಯ ಹಾಗೆಯೇ ಇತ್ತು. ಅದೇ ಏರು, ಅದೇ ಎತ್ತರ.

ಗೋಕಾಕದ ಕಾಲೇಜೊಂದರ ಲ್ಯಾಬಿನಲ್ಲಿ ಇಬ್ಬರೂ ಪಿಎಚ್.ಡಿ. ಮಾಡುತ್ತಿದ್ದರು. ಅವಳು ಘೋಡಗೇರಿಯವಳು, ಮಾಳು ಮಸಗುಪ್ಪಿಯವನು. ಇಬ್ಬರ ನಡುವೆ ಬಿಸ್ಮತ್ ಫೆರೈಟ್ ಎಂಬ ಕಂದು ಪುಡಿ. ಅದನ್ನು ಒತ್ತಿ, ಸುಟ್ಟು ಮಾಡಿದ ಅಂಗಿಯ ಗುಂಡಿಯಷ್ಟು ಬಿಲ್ಲೆಗಳು. ಕಾಂತತ್ವ, ವಿದ್ಯುತ್ ಧ್ರುವೀಕರಣ ಎರಡೂ ಅದರೊಳಗೆ ಒಂದೇ ಮನೆಯವರಂತೆ ಇರುತ್ತವೆ. ಆದರೆ ಒಂದಕ್ಕೊಂದು ಮಾತಾಡುತ್ತವೆಯೇ? ಕಾಂತಕ್ಷೇತ್ರವನ್ನು ಅಲುಗಿಸಿದಾಗ ಬಿಲ್ಲೆಯಲ್ಲಿ ವೋಲ್ಟೇಜು ಹುಟ್ಟಿದರೆ ಮಾತಾಡುತ್ತವೆ ಎಂದರ್ಥ. ಮಾಳುವಿಗೆ ಆ ವೋಲ್ಟೇಜು ಸಿಕ್ಕಿತ್ತು. ಸೋಮವಾರ ಅದರ ಪೇಪರ್ ಜರ್ನಲ್ಲಿಗೆ ಹೋಗುವುದಿತ್ತು.

ಅದಕ್ಕೂ ಮೊದಲು, ನಾಳೆ, ಅವನು ಮನೆಯವರನ್ನು ಕರೆದುಕೊಂಡು ಘೋಡಗೇರಿಗೆ ಬರುವುದಿತ್ತು. ಅವಳನ್ನು ಕೇಳಲು.

ಮಾಳುವಿನ ತಂದೆ ಶಿದ್ರಾಮ ಹೂಂ ಎಂದಿದ್ದ. ಕುರಿ ಕಾಯುವ ಮನೆಗೆ ಬೌದ್ಧರ ಹುಡುಗಿ ಎಂದಾಗ ತಾಯಿ ಲಗಮವ್ವ ಮಾತ್ರ ಕುರಿ ಹಟ್ಟಿಯ ಕಡೆ ಎದ್ದು ಹೋಗಿದ್ದಳು. 'ಮೊದ್ಲ ನೀ ಏನರೆ ಸಾಧಸು' ಎಂದಷ್ಟೇ ಆಮೇಲೆ ಅಂದದ್ದು. ಮಾಳು ಸಾಧಿಸಿದ್ದು ಈ ಗೆರೆ. ಇದನ್ನು ಮುಂದಿಟ್ಟೇ ತಾಯಿಯನ್ನು ಹೊರಡಿಸಿದ್ದ.

ಅಳೆಯುವ ಮೊದಲು ಬಿಲ್ಲೆಗೆ ಹೆಚ್ಚಿನ ವೋಲ್ಟೇಜು ಕೊಟ್ಟು, ಒಳಗಿನ ಧ್ರುವೀಕರಣವನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಬೇಕು. ಅದಕ್ಕೆ ಪೋಲಿಂಗ್ ಅನ್ನುತ್ತಾರೆ. ಆಮ್ರಪಾಲಿ ಇಟ್ಟದ್ದು ಪೋಲಿಂಗ್ ಆಗದ ಬಿಲ್ಲೆ. ಅದು ಮೂಕವಾಗಿರಬೇಕಿತ್ತು. ಅದೂ ಮಾತಾಡಿತೆಂದರೆ, ಮಾತಾಡುತ್ತಿರುವುದು ಬಿಲ್ಲೆಯಲ್ಲ.

ಒಂದು ದಿನ ಸುಮ್ಮನಿದ್ದರೆ? ನಾಳೆ ಕಳೆಯುವತನಕ?

ಬಾಗಿಲು ತಳ್ಳಿಕೊಂಡು ಮಾಳು ಬಂದ.

“ಕರದಂಟ ತಂದೇನಿ. ನಾಳೆ ನಿಮ್ಮವ್ವಗ. ನೀ ಮುಟ್ಟಾಂಗಿಲ್ಲ.”

“ಅವ್ವಗ ಹಲ್ಲ ನೋಯ್ತಾವು.”

“ಹಂಗಾರ ಮಾವ ತಿಂತಾರ ಬಿಡು.”

ಮೇಜಿಗೆ ಒರಗಿ, ಹುಬ್ಬು ತುಸು ಎತ್ತಿ, ಅವಳು ನಾಚುವುದನ್ನು ಕಾದು ನೋಡಿದ. ಆ ನೋಟಕ್ಕೆ ಅವಳು ದಿನಾಲೂ ಸೋಲುತ್ತಿದ್ದಳು. ಇವತ್ತು ಕಣ್ಣು ಪರದೆಗೆ ಹೋಗಿ ಹೋಗಿ ಬಂತು.

“ಕುಂದರ್ರಿ,” ಎಂದಳು.

“ಹೆದರಿದಾಗಷ್ಟ ನೀ ನನಗ ರಿ ಹಚ್ಚತಿ. ಏನಾತು?”

ಅವಳು ಡಬ್ಬಿ ತೋರಿಸಿದಳು. “ಇದು ಪೋಲಿಂಗ್ ಆಗದ್ದು. ಗೆರಿ ನೋಡು.”

“ಡಬ್ಬಿ ಅದಲಿಬದಲಿ ಆಗಿರ್ಬೇಕು.”

“ನಾನೂ ಹಂಗ ಅನ್ಕೊಂಡೆ. ಮತ್ತ ಮತ್ತ ಮಾಡಿ ನೋಡೀನಿ.”

ಅವನ ತುಟಿಯಂಚಿನ ನಗು ಒಮ್ಮೆಲೇ ಹೋಗಲಿಲ್ಲ. ಯಾರೋ ಮರೆತು ಬಿಟ್ಟ ದೀಪದಂತೆ ಇನ್ನೂ ತುಸು ಹೊತ್ತು ಅಲ್ಲೇ ಇತ್ತು. ಬಗ್ಗಿ ನೋಡಿದ. ಬಿಲ್ಲೆಯಿಂದ ಮೀಟರಿಗೆ ಹೋಗುವ ಎರಡು ತಂತಿಗಳು ದೂರ ದೂರ ಹಾಯ್ದು ಒಂದು ಬಳೆಯಾಗಿದ್ದವು. ಕಾಂತಕ್ಷೇತ್ರ ಅಲುಗಿದರೆ ಅಂಥ ಬಳೆಯಲ್ಲೇ ವೋಲ್ಟೇಜು ಹುಟ್ಟುತ್ತದೆ. ಡಿಗ್ರಿ ಹುಡುಗರಿಗೆ ಇಬ್ಬರೂ ಕಲಿಸಿದ ಪಾಠ.

ಅವನು ತಂತಿಗಳನ್ನು ಜಡೆಯ ಹಾಗೆ ಒತ್ತಾಗಿ ಹೆಣೆದ. ಅವಳು ತುದಿ ಹಿಡಿದುಕೊಂಡಳು. ಬೆರಳಿಗೆ ಬೆರಳು ತಾಗಿತು, ಇಬ್ಬರೂ ತೆಗೆಯಲಿಲ್ಲ. ಪೋಲಿಂಗ್ ಆದ ಬಿಲ್ಲೆ ಇಟ್ಟು ಮತ್ತೆ ಅಳೆದರು. ಗೆರೆ ನೆಲ ಹಿಡಿಯಿತು.

“ಪೂರಾ ಸೊನ್ನಿ ಅಲ್ಲ,” ಎಂದಳು ಮೆಲ್ಲಗೆ.

“ಮೀಟರಿನ ಗದ್ದಲದಾಗ ಐತಿ. ಇದ್ರೂ ಇರಬಹುದು, ಇಲ್ದನೂ ಇರಬಹುದು.” ಮುಖ ಒರೆಸಿಕೊಂಡ. “ಪೇಪರ್ ಕಳಸಬ್ಯಾಡ್ರಿ ಅಂತ ಗೈಡ್ ಸರ್‌ಗೆ ಫೋನ್ ಮಾಡ್ತೀನಿ.”

“ನಾಳೆ?”

ಅವನು ಅವಳನ್ನೇ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

“ಅವ್ವಗ ಸುಳ್ಳ ಹೇಳಿ ಕರಕೊಂಡ ಬರಾಕ ಆಗೂದಿಲ್ಲ, ಅಮ್ರಾ.”

ಬೈಕಿನ ಸದ್ದು ಗೇಟು ದಾಟಿ ಹೋಯಿತು.

ಭಾನುವಾರ ಆಮ್ರಪಾಲಿಯ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳ ಕೆಳಗೆ ಕೂತುಬಿಟ್ಟಿದ್ದ. ಆಮ್ರಪಾಲಿ ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದಾಗೆಲ್ಲ ರಸ್ತೆಯಲ್ಲಿ ಯಾವುದೋ ಬೈಕು ಬರುತ್ತಿತ್ತು; ಹೋಗಿಬಿಡುತ್ತಿತ್ತು. ಫೋನಿನಲ್ಲಿ ಮಾಳುವಿನ ಒಂದು ಅಕ್ಷರವೂ ಇರಲಿಲ್ಲ.

“ಬರ್ತಾರೋ ಇಲ್ಲೋ ಕೇಳ,” ಎಂದಳು ಅವ್ವ ಕೆಂಪವ್ವ. “ಶಿರಾ ಆರಾಕತ್ತೈತಿ.”

“ಕೇಳ್ತೀನವ್ವಾ,” ಎಂದಳು. ಕೇಳಲಿಲ್ಲ.

ಮತ್ತೊಂದು ಬೈಕು ಬಂತು. ನಿಂತಿತು.

ಮಾಳು. ಅವನ ಹಿಂದೆ ತಲೆಮೇಲೆ ಸೆರಗು ಹೊದ್ದ ಲಗಮವ್ವ. ಅವಳು ಹೊಸ್ತಿಲ ಹೊರಗೇ ನಿಂತು ಮಾತು ತೆಗೆದಳು.

“ಇಂವ ನಿನ್ನಿ ಮಾರಿ ಸಣ್ಣದ ಮಾಡ್ಕೊಂಡ ಬಂದಾ. ಮಾಡಿದ್ದೆಲ್ಲಾ ಸುಳ್ಳಾತವ್ವಾ ಅಂದಾ. ಯಾರ ಹೇಳಿದ್ರೋ ಅಂದೆ. ನಿನ್ನ ಹೆಸರ ಹೇಳಿದಾ.” ಆಮ್ರಪಾಲಿಯನ್ನು ಕಾಲಿನಿಂದ ತಲೆಯತನಕ ನೋಡಿದಳು. “ನೀ ಸುಮ್ನ ಇರಬಹುದಿತ್ತಲ್ಲ. ಇವತ್ತಿನ ದಿನ ಕಳೀತಿತ್ತು.”

“ಇರಬಹುದಿತ್ರಿ. ಇರೂನು ಅಂತನೂ ಅನ್ಕೊಂಡಿದ್ದೆ.”

“ಮತ್ತ?”

“ಆಮ್ಯಾಲೆ ಇವ್ರ ಮಾರಿ ನೋಡಾಕ ಆಗ್ತಿರ್ಲಿಲ್ರಿ. ಜನ್ಮಪೂರ್ತಿ ನೋಡೂದೈತಿ ಅನ್ಕೊಂಡಿದ್ದೆ.”

ಎಲ್ಲರೆದುರು ಹೀಗೆ ಹೇಳಿಬಿಟ್ಟೆನಲ್ಲ ಎಂದು ಅವಳ ಕಿವಿ ಬಿಸಿಯಾಯಿತು. ನೆಲ ನೋಡುತ್ತಿದ್ದ ಮಾಳು ತಲೆ ಎತ್ತಿದ. ಅವನ ಕಣ್ಣು ತುಂಬಿದ್ದನ್ನು ಅವಳೊಬ್ಬಳೇ ಕಂಡಳು.

ಕೆಂಪವ್ವ ಮಗಳ ಬೆನ್ನಿಗೆ ಮೆಲ್ಲಗೆ ತಟ್ಟಿದಳು. ಆಮ್ರಪಾಲಿ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು. ಲಗಮವ್ವನ ಮಂದಿ ತಮ್ಮ ಕೇರಿಯಲ್ಲಿ ನೀರು ಕುಡಿದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ತಂಬಿಗೆಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು.

ಲಗಮವ್ವ ಹೊಸ್ತಿಲು ದಾಟಿದಳು. ಚಾಪೆಯ ಮೇಲೆ ಕೂತು, ತಂಬಿಗೆ ಇಸಿದುಕೊಂಡು, ಕತ್ತೆತ್ತಿ ಅಷ್ಟೂ ನೀರು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಬರಿ ತಂಬಿಗೆಯನ್ನು ಹುಡುಗಿಯ ಕೈಗಿಟ್ಟಳು.

“ಬಿಸಲಾಗ ಬಂದವರಿಗೆ ಬರೇ ನೀರ ಕೊಡ್ತಾರೇನವಾ?” ಎಂದಳು. “ಬೆಲ್ಲ ಇಲ್ಲೇನ ಮನ್ಯಾಗ?”