ಅಂಬಿಗನ ಮನೆ ಬಾಗಿಲು

"ಅಂಬಿಗನ್ನ ಹೊಳೇಲೇ ಬಿಟ್ಬುಟ್ರಾ?!"

ಹೆಣ್ಣು ನೋಡುವ ಶಾಸ್ತ್ರಕ್ಕೆ ರಾಮಕೃಷ್ಣನಗರದ ಮನೆಗೆ ಬಂದಿದ್ದ ವಿಶ್ರುತ್ ಬೆಚ್ಚಿದ. ಕೇಸರಿಬಾತ್ ತಂದ ಬಸಮ್ಮ ಮಗಳನ್ನು ಕಣ್ಣಲ್ಲೇ ಗದರಿದರು.

ಸುಚಿತ್ರಾ ಅದಕ್ಕೆಲ್ಲ ಬಗ್ಗುವವಳೇ! ಮೊಬೈಲ್ ಗೇಮ್‌ಗಳಿಗೆ ಕಥೆ ಬರೆಯುವುದು ಅವಳ ಕೆಲಸ. ಹುಡುಗನ ಗುಣ ನೋಡೋಣವೆಂದು ತಾನು ಬರೆದ ಗೇಮನ್ನೇ ಅವನ ಫೋನಿಗೆ ಹಾಕಿಕೊಟ್ಟಿದ್ದಳು. ಪ್ರವಾಹದಲ್ಲಿ ದೋಣಿಗೆ ಒಂದನ್ನೇ ಎಳೆದುಕೊಳ್ಳಬಹುದು... ಮುಳುಗುತ್ತಿರುವ ಅಂಬಿಗನನ್ನೋ, ಒಡವೆಯ ಪೆಟ್ಟಿಗೆಯನ್ನೋ. ವಿಶ್ರುತ್ ಪೆಟ್ಟಿಗೆ ಎಳೆದುಕೊಂಡಿದ್ದ.

"ಗೇಮ್ ತಾನೇ ಅಂತ ಒತ್ಬುಟ್ಟೆ..." ಅವನ ಮುಖ ಬಾಡಿತ್ತು.

"ಅಳಿಸಿ ಮತ್ತೆ ಆಡಿ. ಎಲ್ರೂ ಹಂಗೇ ಮಾಡೋದು."

"ಬೇಡ ಕಣ್ರೀ. ಒತ್ತಿದ್ದು ನಾನೇ. ಹಂಗೇ ಇರ್ಲಿ."

ಅಬ್ಬಾ, ಎಂಥ ಕಲ್ಲು ಮನಸ್ಸು! ಪಕ್ಕದಲ್ಲಿದ್ದ ಅವನ ತಾಯಿ ಸಿದ್ದಲಿಂಗಮ್ಮನ ಎದುರೇ ಸುಚಿತ್ರಾ ಹೇಳಿಬಿಟ್ಟಳು, "ನಿಮ್ಮ ಮಗಂಗೆ ಕರುಳೇ ಇಲ್ಲ. ಈ ಸಂಬಂಧ ಬೇಡ."

ಮೂರು ವಾರದ ಬಳಿಕ ಆಫೀಸಿನಲ್ಲಿ ಆಟಗಾರರ ದಾಖಲೆ ನೋಡುತ್ತಿದ್ದವಳ ಕೈ ನಿಂತಿತು. ಅಂಬಿಗನನ್ನು ಕೈಬಿಟ್ಟವರೆಲ್ಲ ಆಟ ಅಳಿಸಿ, ಮತ್ತೆ ಆಡಿ ಅವನನ್ನು ಉಳಿಸಿ ಒಳ್ಳೆಯವರಾಗಿದ್ದರು. ಒಬ್ಬನನ್ನು ಬಿಟ್ಟು!

ವಿಶ್ರುತ್ ಆಟದೊಳಗೆ ದಿನವೂ ಅಂಬಿಗನ ಹೆಂಡತಿಯ ಮನೆಗೆ ಹೋಗಿದ್ದ. ಸೌದೆ ಇಟ್ಟು, ಬಾಗಿಲು ತಟ್ಟಿ, ಕಾದು ಬಂದಿದ್ದ. ಬಾಗಿಲು ತೆರೆಯುವುದಾದರೂ ಹೇಗೆ? ಅದರಾಚೆ ಸುಚಿತ್ರಾ ಒಂದು ಸಾಲೂ ಬರೆದಿರಲಿಲ್ಲ. ತಪ್ಪು ಮಾಡಿದವನು ಅಲ್ಲಿಗೆ ಹೋಗಿ ನಿಲ್ಲುತ್ತಾನೆಂದು ಅವಳಿಗೆ ಹೊಳೆದೇ ಇರಲಿಲ್ಲ.

'ಅಯ್ಯೋ... ಎಂಥವರನ್ನ ದೂರ ಮಾಡ್ಕೊಂಡೆ!'

ಕಣ್ಣು ತುಂಬಿತು. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ನಾಲ್ಕು ದಿನ ಪಟ್ಟುಹಿಡಿದು ಬರೆದಳು. ಐದನೆಯ ದಿನ ಅವಳ ಸ್ಕೂಟರ್ ಲಷ್ಕರ್ ಮೊಹಲ್ಲಾದಲ್ಲಿ, ವಿಶ್ರುತ್‌ನ ಕನ್ನಡಕದ ಅಂಗಡಿ ಮುಂದೆ ನಿಂತಿತು.

"ಗೇಮ್ ತೆಗೀರಿ. ಈಗ ತಟ್ಟಿ ನೋಡಿ."

ಅವನು ತಟ್ಟಿದ. ಬಾಗಿಲು ತೆರೆಯಿತು. ಅಂಬಿಗನ ಹೆಂಡತಿ ಹೇಳಿದಳು, "ಸೌದೆ ತಂದ್ರೆ ಹೋದ ಜೀವ ಬರಲ್ಲ ಕಣಪ್ಪ. ನಾಳೇನೂ ಬಾ."

ಅವನ ಕಣ್ಣಂಚು ಒದ್ದೆಯಾಯಿತು. "ಕ್ಷಮಿಸ್ಲಿಲ್ಲ ಅಲ್ವಾ..."

"ಇಲ್ಲ. ಆದ್ರೆ ಬಾ ಅಂದ್ಳಲ್ಲ." ಸುಚಿತ್ರಾ ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮನ್ನ ಬೇಡ ಅಂದಿದ್ದು ನಾನೇ. ಈಗ ನೀವೇ ಬೇಕು ಅಂತ ಬಂದಿದೀನಿ. ನನ್ನ ಮದ್ವೆ ಆಗ್ತೀರಾ?"

ವಿಶ್ರುತ್ ಕಿವಿಯವರೆಗೂ ಕೆಂಪಾದ. "ಆಗ್ತೀನಿ! ಆದ್ರೆ ಅಮ್ಮ... ಆವತ್ತಿಂದ ನಿಮ್ಮ ಹೆಸರೆತ್ತಿದ್ರೆ ಅಳ್ತಾರೆ. ಮೇಲ್ಗಡೆ ಮನೇಲೇ ಇದಾರೆ. ಇರಿ, ನಾನು ಒಪ್ಪಿಸ್ತೀನಿ."

"ಬೇಡ. ನೋಯಿಸಿದ್ದು ನಾನು, ತಪ್ಪಾಯ್ತು ಅಂತ ನಾನೇ ಕೇಳ್ಕೋತೀನಿ." ಮೆಟ್ಟಿಲ ಬಳಿ ಬಂದವಳು ತಿರುಗಿ ಅವನತ್ತ ಕೈ ಚಾಚಿದಳು. "ಬೈದ್ರೆ... ಪಕ್ಕದಲ್ಲಿರ್ತೀರಾ?"

ಅವನು ಆ ಕೈ ಹಿಡಿದುಕೊಂಡ.

"ಇರ್ತೀನಿ ಕಣ್ರೀ... ಬನ್ನಿ."